ಮಾವನವರ ಹೆಸರಿನ ಯಂತ್ರ

ಬನಹಟ್ಟಿಯ ನಮ್ಮ ನೇಕಾರರ ಸಂಘದಲ್ಲಿ ಒಂದು ಹಳೆಯ ಯುನಿಕ್ಸ್ ಕಂಪ್ಯೂಟರ್ ಯಂತ್ರವಿತ್ತು, ಅದನ್ನು ನೋಡಿಕೊಳ್ಳುವವಳು ನಾನು. ಅದಕ್ಕೊಂದು ಹೆಸರಿತ್ತು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಯಾಕೆಂದರೆ ನನ್ನ ಮಾವನವರ ಹೆಸರೂ ಅದೇ. ನಮ್ಮ ಕಡೆ ಸೊಸೆಯಾದವಳು ಗಂಡನ ಹೆಸರನ್ನಾಗಲಿ ಮಾವನ ಹೆಸರನ್ನಾಗಲಿ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹಿರಿಯರು ಹೆದರಿಸುತ್ತಿದ್ದರು. ಇಂಥದ್ದಕ್ಕೆಲ್ಲ ನಾನು ಹೆದರುವವಳಲ್ಲ ಎಂದು ಕಾಲೇಜಿನಲ್ಲಿದ್ದಾಗ ಭಾಷಣ ಹೊಡೆದವಳು ನಾನು. ಮದುವೆಯಾದ ಮೇಲೆ ನೋಡಿದರೆ ನನ್ನ ನಾಲಿಗೆಯೂ ಏಳುತ್ತಿರಲಿಲ್ಲ. ಈಗಿನ ಹುಡುಗಿಯರು ಗಂಡನನ್ನು ಹೆಸರು ಹಿಡಿದೇ ಕರೆಯುತ್ತಾರೆ. ಕರೆಯಲಿ, ನನ್ನದೇನೂ ತಕರಾರಿಲ್ಲ.

ಹೆಸರಿರಬೇಕಾದ ಕಡೆ ನಾನು 'ಇಂಥವ' ಎಂದು ಬರೆಯುತ್ತೇನೆ. ನೀವು ತಿಳಿದುಕೊಳ್ಳಿ.

ಯಂತ್ರಕ್ಕೆ ಆ ಹೆಸರು ಬಿದ್ದದ್ದು ನಾನು ಸಂಘಕ್ಕೆ ಸೇರುವ ಮೊದಲೇ. ಆಗಿನ ಅಧ್ಯಕ್ಷರು ಅದರ ಮುಂದೆ ಕಾಯಿ ಒಡೆದು, ನೆತ್ತಿಗೆ ಭಂಡಾರದ ಅರಿಶಿನ ಹಚ್ಚಿ, ತಮ್ಮ ಮನೆದೇವರ ಹೆಸರನ್ನೇ ಇಟ್ಟುಬಿಟ್ಟರಂತೆ. ನಮ್ಮ ಸೀಮೆಯಲ್ಲಿ ಆ ಹೆಸರಿಗೆ ಬರವಿಲ್ಲ. ಸಂತೆಯಲ್ಲಿ ಕಣ್ಣು ಮುಚ್ಚಿ ಕಲ್ಲೊಗೆದರೆ ಅದೇ ಹೆಸರಿನವನ ತಲೆಗೆ ಬೀಳುತ್ತದೆ. ಹಾಗಾಗಿ ಬಂದ ದಿನವೇ ನನಗೆ ಗೊತ್ತಾಯಿತು, ಈ ಯಂತ್ರದ ಜೊತೆ ನನ್ನ ಸಂಸಾರ ಸುಖದ್ದಲ್ಲ ಎಂದು.

ಸಂಘದ ಮುಖ್ಯ ಕಚೇರಿ, ನೂಲಿನ ಗೋದಾಮು, ಬಣ್ಣದ ಮನೆ ಎಲ್ಲ ಬನಹಟ್ಟಿಯಲ್ಲಿ. ಸೀರೆ ಮಾರುವ ಅಂಗಡಿಗಳು ಜಮಖಂಡಿ, ಮುಧೋಳ, ಬೀಳಗಿಯಲ್ಲಿ. ನೂಲು ಎಷ್ಟು ಬಂತು, ಯಾವ ಮಗ್ಗಕ್ಕೆ ಎಷ್ಟು ಹೋಯಿತು, ಯಾವ ಅಂಚಿನ ಸೀರೆ ಯಾವ ಅಂಗಡಿಯಲ್ಲಿ ಉಳಿದಿದೆ ಎಂಬುದೆಲ್ಲ ಆ ಯಂತ್ರದ ಹೊಟ್ಟೆಯಲ್ಲಿ. ಮೊದಲು ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡುವ ಟರ್ಮಿನಲ್‌ಗಳಿದ್ದವು. ಎರಡು ಸಾವಿರದ ಇಸವಿಯ ಆಚೀಚೆ ಪಿಸಿಗಳು ಬಂದವು. ಗೋದಾಮಿಗೂ ಬಣ್ಣದ ಮನೆಗೂ ಕೇಬಲ್ ಎಳೆದರು. ಊರಾಚೆಯ ಅಂಗಡಿಗಳವರು ಮೋಡೆಮ್ ಹಚ್ಚಿ, ಫೋನಿನ ತಂತಿಯ ಮೇಲೆ ಒಳಗೆ ಬರತೊಡಗಿದರು.

ಅಲ್ಲಿಂದ ನನ್ನ ಕರ್ಮ ಶುರುವಾಯಿತು. ಯಂತ್ರಗಳು ಒಂದನ್ನೊಂದು ಹುಡುಕುವುದು ನಂಬರಿನಿಂದ. ಮನುಷ್ಯರಿಗೆ ನಂಬರು ನೆನಪಿರುವುದಿಲ್ಲ, ಹೆಸರು ನೆನಪಿರುತ್ತದೆ. ಅದಕ್ಕೆಂದು ಒಂದೊಂದು ಪಿಸಿಯೊಳಗೂ ಒಂದು ಸಣ್ಣ ಫೈಲು ಇಡುತ್ತಿದ್ದೆವು, ಈ ಹೆಸರಿಗೆ ಈ ನಂಬರು ಅಂತ. ಒಂದು ಯಂತ್ರದ ನಂಬರು ಬದಲಾದರೆ ಎಲ್ಲ ಪಿಸಿಗಳ ಫೈಲನ್ನೂ ತಿದ್ದಬೇಕು. ತಿದ್ದುವವಳು ನಾನೊಬ್ಬಳೇ. ಜಮಖಂಡಿಗೆ ಒಂದು ಬಸ್ಸು, ಮುಧೋಳಕ್ಕೆ ಇನ್ನೊಂದು, ಬೀಳಗಿಗೆ ಹೋಗಿ ಬರುವುದರಲ್ಲಿ ದಿನವೇ ಮುಗಿಯುತ್ತಿತ್ತು. ನಾನು ಬಸ್ಸಿನಲ್ಲಿದ್ದಾಗ ಇಲ್ಲಿ ಯಾರೋ ಪ್ರಿಂಟರನ್ನು ಬೇರೆ ಕೋಣೆಗೆ ಒಯ್ದಿಟ್ಟು ಅದರ ನಂಬರು ಬದಲಿಸುತ್ತಿದ್ದರು. ಬಣ್ಣದ ಮನೆಯ ಚೀಟಿಗಳು ಕಾರ್ಯದರ್ಶಿಗಳ ಟೇಬಲ್ ಮೇಲೆ ಬಂದು ಬೀಳುತ್ತಿದ್ದವು.

ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಚಿಮ್ಮಡದ ನನ್ನ ತವರಿನಲ್ಲಿ ಅವ್ವ, "ಇಕಿ ಮೆಣಸಿನಕಾಯಿ ಹೊಲದಾಗ ಹುಟ್ಟ್ಯಾಳ" ಎನ್ನುತ್ತಿದ್ದಳು. ಅಂಗಡಿಯವರು ಫೋನ್ ಮಾಡಿ, "ಅಕ್ಕಾರ, ಇವತ್ತ ಯಂತ್ರ ಸಿಗವಲ್ದು, ಹೆಸರ ಒಮ್ಮಿ ಹೇಳ್ರಿ" ಎಂದರೆ ನಾನು ಹೆಸರು ಬಿಟ್ಟು ನಂಬರು ಹೇಳುತ್ತಿದ್ದೆ. ಯಾಕೆಂದು ಅವರಿಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ತಿಳಿದ ಮೇಲೆ ಬಿಡುತ್ತಾರೆಯೇ? "ಅಕ್ಕಾರ, ನಿಮ್ಮ ಮಾವ ಹೆಂಗದಾನ್ರಿ ಇವತ್ತ? ಎದ್ದಾನೋ ಇಲ್ಲೋ?" ಎಂದು ಮುಧೋಳದವನು ಕೇಳುವುದು, ನಾನು ಬೈಯುವುದು, ಆಚೆ ಕಡೆ ನಾಲ್ಕು ಮಂದಿ ನಗುವುದು. ದಿನಾ ಇದೇ ನಡೆದಿತ್ತು.

ಅಂಥ ಒಂದು ಬೇಸಿಗೆಯಲ್ಲಿ ಖರೇ ಮಾವನವರು ಬನಹಟ್ಟಿಗೆ ಬಂದರು.

ನಮ್ಮ ಮಾವನವರದು ಗಲಗಲಿಯ ಆಚೆಗಿನ ಹೊಳೆದಂಡೆಯ ಊರು. ಆಲಮಟ್ಟಿಯ ಹಿನ್ನೀರು ಹೊಲಕ್ಕೆ ಬಂತು, ಆಮೇಲೆ ಊರಿಗೆ ಬಂತು. ಸರಕಾರ ಮೇಲುಗಡೆ ಎರೆ ಹೊಲದಲ್ಲಿ ಪ್ಲಾಟು ಕೊಟ್ಟಿತ್ತು. ಅಲ್ಲಿ ಮನೆ ಕಟ್ಟಿ ಮುಗಿಯುವವರೆಗೆ ಮಾವ ಮತ್ತು ಅತ್ತೆ ನಮ್ಮ ಬಾಡಿಗೆ ಮನೆಯಲ್ಲಿ ಇರುವುದೆಂದಾಯಿತು. ನನ್ನ ಗಂಡ ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವರು, ಮನೆಯಲ್ಲಿ ಇದ್ದರೂ ನಿದ್ದೆಯಲ್ಲೇ ಇರುತ್ತಿದ್ದರು. ಕುರಿ ಕಾಯುತ್ತ, ಹೊಲ ಮಾಡುತ್ತ ಬಯಲಿನಲ್ಲಿ ಬೆಳೆದ ಮಾವ, ಎರಡೂ ಕಡೆ ಮಗ್ಗ ಬಡಿಯುವ ಓಣಿಯಲ್ಲಿ ಕೂತು ಏನು ಮಾಡಬೇಕು? "ಸೊಸಿಗಿ ಬುತ್ತಿ ನಾ ಒಯ್ಯತೇನಿ" ಎಂದು ಎದ್ದರು. ಮಾವ ಸೊಸೆಗೆ ಬುತ್ತಿ ಹೊರುವುದನ್ನು ಓಣಿಯ ಮಂದಿ ಬಾಗಿಲಿಗೆ ಬಂದು ನೋಡಿದರು. ಅವರು ಯಾರನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬುತ್ತಿಗಂಟು, ನೇರ ಸಂಘಕ್ಕೆ ಬಂದರು.

ನಮ್ಮ ಕಾರ್ಯದರ್ಶಿಗಳು ವಯಸ್ಸಾದವರು, ಕಂಠ ಭಾರಿ. ಅವರಿಗೆ ಯಂತ್ರವೆಂದರೆ ಒಬ್ಬ ಸೋಮಾರಿ ಆಳು ಇದ್ದಂತೆ. ಕರೆಂಟು ಹೋಗಿ ಬಂದಾಗಲೆಲ್ಲ ಅದರ ಮುಂದೆ ನಿಂತು ಗದರಿಸುತ್ತಿದ್ದರು. ಮಾವ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಕಾರ್ಯದರ್ಶಿಗಳು ಒಳಗಿಂದ, "ಲೇ ಇಂಥವನ, ಏಳಲೇ. ಮಂದಿ ಎಲ್ಲಾ ಕೆಲಸಕ್ಕ ಹತ್ಯಾರ, ನೀ ಇನ್ನಾ ಮಲಗೀಯೇನು" ಎಂದು ಕೂಗಿದರು.

"ಓ" ಎಂದು ಮಾವ ಎದ್ದು ನಿಂತರು. "ಯಾಕೋ? ಯಾರದು?"

ಕಚೇರಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಕಾರ್ಯದರ್ಶಿಗಳು ಹೊರಗೆ ಬಂದು ಕೈ ಮುಗಿದರು. "ನಿಮಗಲ್ರಿ ಯಜಮಾನರ. ಈ ಡಬ್ಬಿಗಿ ಅಂದೆ. ತಪ್ಪ ತಿಳೀಬ್ಯಾಡ್ರಿ." ನಾನು ನೆಲ ಬಿರಿಯಬಾರದೇ ಎಂದು ನಿಂತಿದ್ದೆ. ಮಾವನವರಿಗೆ ಸಿಟ್ಟು ಬರಲಿಲ್ಲ. ಒಳಗೆ ಬಂದು ಯಂತ್ರವನ್ನು ಒಮ್ಮೆ ಸುತ್ತು ಹಾಕಿ ನೋಡಿದರು. ನೆತ್ತಿಯ ಮೇಲೆ ಉಳಿದಿದ್ದ ಹಳೆಯ ಭಂಡಾರವನ್ನು ಮುಟ್ಟಿ ಹಣೆಗೆ ಹಚ್ಚಿಕೊಂಡರು.

ಮರುದಿನದಿಂದ ಅವರು ಬೇಗ ಬರತೊಡಗಿದರು. ಊಟದ ಹೊತ್ತಿಗೆ ಬರಬೇಕಾದ ಬುತ್ತಿ ಕಚೇರಿ ತೆರೆಯುವ ಹೊತ್ತಿಗೇ ಬಂದು ಬೆಂಚಿನ ಮೇಲೆ ಕೂರುತ್ತಿತ್ತು. ಯಾರ ಜೊತೆಗೂ ಬಹಳ ಮಾತಿಲ್ಲ. ಗೋದಾಮಿನವನು ಬಂದು "ಇಂಥವ ಎದ್ದಾನೇನ್ರಿ?" ಎಂದು ಕೇಳುವುದು, ಬಣ್ಣದ ಮನೆಯವನು "ಇಂಥವನ ತಲಿ ಕೆಟ್ಟೈತಿ, ಎರಡ ಸಲ ಚೀಟಿ ಹೊಡದಾನ" ಎಂದು ದೂರುವುದು, ಕಾರ್ಯದರ್ಶಿಗಳು ಗದರುವುದು. ಮಾವ ಕೇಳುತ್ತ ಮೀಸೆಯಲ್ಲಿ ನಗುತ್ತ ಕೂರುತ್ತಿದ್ದರು. ಅವರಿಗೆ ಹೊತ್ತು ಹೋಗುತ್ತಿಲ್ಲ, ಅದಕ್ಕೆ ಬರುತ್ತಾರೆ ಎಂದುಕೊಂಡಿದ್ದೆ.

ಆ ಮಳೆಗಾಲದ ಹೊತ್ತಿಗೆ ಪಿಸಿಗಳು ಇನ್ನೂ ಹೆಚ್ಚಾದವು. ನಾನು ಕಾರ್ಯದರ್ಶಿಗಳ ಮುಂದೆ ಹೋಗಿ ನಿಂತೆ. "ಇನ್ನ ಮ್ಯಾಲ ಬಸ್ ಹತ್ತಿ ಫೈಲ್ ತಿದ್ದಾಕ ನನ್ನಿಂದ ಆಗೂದಿಲ್ರಿ. ಹೆಸರೆಲ್ಲಾ ಒಂದ ಕಡೆ ಇಡತೇನಿ. ಯಾರಿಗಿ ಬೇಕೋ ಅವರು ಅಲ್ಲಿ ಕೇಳ್ಲಿ" ಎಂದೆ. ಹೊಸ ಯಂತ್ರ ಬೇಕೇನು ಎಂದು ಅವರಿಗೆ ಅಂಜಿಕೆ. ಬೇಡ, ಈ ಹಳೆಯದರಲ್ಲೇ ಆಗುತ್ತದೆ ಎಂದೆ. "ಹಂಗಾದ್ರ ಮಾಡ ತಂಗಿ" ಎಂದರು.

ಡಿಎನ್‌ಎಸ್ ಎನ್ನುವುದು ಅದರ ಹೆಸರು. ಹೆಸರು ಕೇಳಿದರೆ ನಂಬರು ಹೇಳುವ ವ್ಯವಸ್ಥೆ, ಅಷ್ಟೇ. ಯುನಿಕ್ಸ್‌ನಲ್ಲಿ ಅದಕ್ಕೆ ಬೇಕಾದ ಪ್ರೋಗ್ರಾಂ ಮೊದಲಿಂದ ಇತ್ತು, ಯಾರೂ ಎಬ್ಬಿಸಿರಲಿಲ್ಲ. ದಪ್ಪ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಪುಸ್ತಕ ಹೊಸ ಆವೃತ್ತಿಯದು, ನಮ್ಮ ಯಂತ್ರ ಅದಕ್ಕಿಂತ ಹಳೆಯದು. ಪುಸ್ತಕ ಹೇಳಿದ ಕಡೆ ಫೈಲು ಇರುತ್ತಿರಲಿಲ್ಲ, ಇದ್ದ ಫೈಲಿನ ಸುದ್ದಿ ಪುಸ್ತಕದಲ್ಲಿ ಇರುತ್ತಿರಲಿಲ್ಲ. ಹೆಸರಿನಿಂದ ನಂಬರಿಗೆ ಹೋಗಲು ಒಂದು ಫೈಲು ಬರೆದೆ, ನಂಬರಿನಿಂದ ಹೆಸರಿಗೆ ಮರಳಲು ಇನ್ನೊಂದು. ಕೆಲವು ಹೆಸರುಗಳ ಕೊನೆಗೆ ಒಂದು ಚುಕ್ಕೆ ಇಡಲೇಬೇಕು. ಇಡದಿದ್ದರೆ 'ಇದು ಅರ್ಧ ಹೆಸರು' ಎಂದುಕೊಂಡು ಯಂತ್ರ ತಾನೇ ಅದರ ಹಿಂದೆ ಸಂಘದ ಹೆಸರನ್ನು ಮತ್ತೊಮ್ಮೆ ಅಂಟಿಸುತ್ತದೆ. ಒಂದು ಕಡೆ ಚುಕ್ಕೆ ಬಿಟ್ಟಿದ್ದೆ. ಗೋದಾಮಿನ ಪಿಸಿಯನ್ನು ಕೇಳಿದರೆ ಯಂತ್ರ ಎರಡೆರಡು ಸಲ ಸಂಘ ಸಂಘ ಎನ್ನುತ್ತ, ಅಂಥದ್ದು ಯಾವುದೂ ಇಲ್ಲ ಎಂದು ಹೇಳುತ್ತಿತ್ತು. ಸಿಟ್ಟಿಗೆ ಟೇಬಲ್ ಮೇಲೆ ಗುದ್ದಿದೆ. "ಟೇಬಲ್ ಸಂಘದ್ದೈತವಾ, ಸಾವಕಾಶ" ಎಂದರು ಕಾರ್ಯದರ್ಶಿಗಳು.

ಬೆಂಚಿನ ಮೇಲಿಂದ ಮಾವ ಎಲ್ಲವನ್ನೂ ನೋಡುತ್ತಿದ್ದರು. "ಏನ ಮಾಡಾಕತ್ತೀದಿ ಯವ್ವಾ?" ಎಂದು ಕೇಳಿದರು.

"ಎಲ್ಲಾ ಯಂತ್ರದ ಹೆಸರು ಒಬ್ಬನ ಹಂತ್ಯಾಕ ಇಡಾಕತ್ತೇನ್ರಿ ಮಾವಾರ. ಇಂಥಾದ್ದ ಎಲ್ಲೈತಿ ಅಂತ ಯಾರರ ಕೇಳಿದ್ರ ಅಂವ ಹೇಳ್ತಾನ."

"ಅಂದ್ರ ಅಗಸಿ ಕಟ್ಟಿ ಮ್ಯಾಲ ಕುಂತ ಮುದುಕ ಇದ್ದಂಗ."

ಅದಕ್ಕಿಂತ ಸರಿಯಾಗಿ ಪುಸ್ತಕವೂ ಹೇಳಿರಲಿಲ್ಲ. ಹೂನ್ರಿ, ಹಂಗ ಎಂದೆ. ಊರಿನ ಬಾಗಿಲ ಕಟ್ಟೆಯ ಮೇಲೆ ತಾವು ಮೂರು ನಾಲ್ಕು ಮಂದಿ ಓರಗೆಯವರು ಕೂರುತ್ತಿದ್ದದ್ದನ್ನು ಅವರು ಹೇಳಿದರು. ಬೀಗರ ಊರಿನಿಂದ ಬಂದವರು, ಕುರಿ ಕೊಳ್ಳಲು ಬಂದವರು, ಯಾರೇ ಬರಲಿ ಮೊದಲು ಕಟ್ಟೆಗೆ ಬಂದು ಇಂಥವರ ಮನೆ ಎಲ್ಲಿ ಎಂದು ಕೇಳಬೇಕು. ಇವರು ಹೇಳಬೇಕು. "ಯಾರರ ಮನಿ ಬದಲ ಮಾಡಿದ್ರೂ ನಮಗ ಮೊದಲ ಗೊತ್ತಾಕ್ಕಿತ್ತು" ಎಂದರು.

"ಹೊಸಾ ಊರಾಗ ಯಾರ ಕೂಡ್ತಾರ್ರಿ ಕಟ್ಟಿ ಮ್ಯಾಲ?"

"ಹೊಸಾ ಊರಾಗ ಅಗಸೀನ ಇಲ್ಲ ಯವ್ವಾ. ಬಂದವರು ಪ್ಲಾಟ್ ನಂಬರ ಕೇಳ್ತಾರ." ಅಷ್ಟು ಹೇಳಿ ಬುತ್ತಿಗಂಟನ್ನು ಬಿಚ್ಚಿ ನನ್ನ ಕಡೆ ಸರಿಸಿದರು. "ರೊಟ್ಟಿ ಬಿರುಸ ಆಗ್ತಾವ. ಉಣ್ಣು."

ಬಿಟ್ಟ ಚುಕ್ಕೆ ಮರುದಿನ ಸಿಕ್ಕಿತು. ಪ್ರೋಗ್ರಾಂ ಮತ್ತೆ ಎಬ್ಬಿಸಿ ಗೋದಾಮಿನ ಹೆಸರು ಕೇಳಿದೆ, ನಂಬರು ಬಂತು. ಬಣ್ಣದ ಮನೆ ಕೇಳಿದೆ, ಬಂತು. ಪ್ರಿಂಟರನ್ನು ಬೇಕೆಂದೇ ಬೇರೆ ಕೋಣೆಯಲ್ಲಿ ಇಡಿಸಿ, ಅದರ ಹೊಸ ನಂಬರಿಗಾಗಿ ಒಂದೇ ಸಾಲು ತಿದ್ದಿ, ಕಾರ್ಯದರ್ಶಿಗಳಿಂದ ಚೀಟಿ ಹೊಡೆಸಿದೆ. ಚೀಟಿ ಸರಿಯಾದ ಕೋಣೆಯಲ್ಲೇ ಹೊರಬಂತು. ಆವತ್ತಿನ ಖುಷಿಯನ್ನು ಯಾರ ಮುಂದೆ ಹೇಳಿಕೊಳ್ಳುವುದು? ಓಣಿಯಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ಮನೆಗೆ ಹೋಗಿ ಸಜ್ಜಕ ಮಾಡಿದೆ. ಯಾವ ಹಬ್ಬವೆಂದು ಅತ್ತೆ ಕೇಳಿದರು. ಹಬ್ಬ ನನ್ನದು, ಉಣ್ಣಿರಿ ಎಂದೆ.

ಅದೇ ಉಮೇದಿನಲ್ಲಿ ಒಂದು ಜಾಣತನ ಮಾಡಿದೆ. ಡಿಎನ್‌ಎಸ್‌ನಲ್ಲಿ ಒಂದು ಯಂತ್ರಕ್ಕೆ ಅಸಲು ಹೆಸರು ಒಂದಿದ್ದರೂ ಅಡ್ಡಹೆಸರು ಎಷ್ಟು ಬೇಕಾದರೂ ಕೊಡಬಹುದು. ನಮ್ಮ ಹಳ್ಳಿಗಳಲ್ಲೂ ಅಡ್ಡಹೆಸರಿಲ್ಲದ ಮನೆ ಎಲ್ಲಿದೆ? ಅಂಗಡಿಯವರು ಹೇಗಿದ್ದರೂ ನಿಮ್ಮ ಮಾವ, ನಿಮ್ಮ ಮಾವ ಎಂದು ಕಾಡುತ್ತಿದ್ದರು. ಫೈಲಿನಲ್ಲಿ ಒಂದು ಸಾಲು ಸೇರಿಸಿ, ಆ ಯಂತ್ರಕ್ಕೆ 'ಮಾವ' ಎಂದು ಅಡ್ಡಹೆಸರು ಇಟ್ಟೆ. ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ. ಇನ್ನು ಫೋನಿನಲ್ಲಿ ನಂಬರು ಒದರುವ ಕೆಲಸ ತಪ್ಪಿತು. ಮಾವ ಎಂದು ಹೊಡೀರಿ ಎಂದರೆ ಮುಗಿಯಿತು.

ಅದು ನಾನೆಣಿಸಿದ್ದಕ್ಕಿಂತ ಬೇಗ ಹಬ್ಬಿತು. ಉದ್ದನೆಯ ಹೆಸರು ಹೊಡೆಯಲು ಎಲ್ಲರಿಗೂ ಬೇಸರವಿತ್ತು, ನಾಲ್ಕು ಅಕ್ಷರ ಎಲ್ಲರಿಗೂ ಹಗುರವಾಯಿತು. ದಸರೆಯ ಹೊತ್ತಿಗೆ ಕಚೇರಿಯ ಮಾತೇ ಬದಲಾಗಿತ್ತು. "ಮಾವ ಬಿದ್ದಾನ", "ಮಾವ ಎದ್ದಾನ", "ಮಾವನ ಕೇಳು, ಹೇಳ್ತಾನ". ಕಾರ್ಯದರ್ಶಿಗಳೂ ಬಿಡಲಿಲ್ಲ. ಕರೆಂಟು ಬಂದ ಕೂಡಲೇ, "ಏಳೋ ಮಾವಾ, ಹೊತ್ತ ನೆತ್ತಿಗಿ ಬಂತು" ಎನ್ನುತ್ತಿದ್ದರು. ನನಗೆ ಹಾಯೆನಿಸಿತ್ತು.

ಆಮೇಲೆ ಒಂದು ದಿನ ಬುತ್ತಿ ಪಕ್ಕದ ಮನೆಯ ನೇಕಾರರ ಸೈಕಲ್ ಮೇಲೆ ಬಂತು. ಮರುದಿನವೂ ಹಾಗೆಯೇ. ಮಾವನವರಿಗೆ ಮೈಯಲ್ಲಿ ಆರಾಮಿಲ್ಲವೇನೋ ಎಂದು ಮನೆಗೆ ಹೋದರೆ ಅವರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಆರಾಮ ಇದ್ದೇನಿ ಎಂದರು. ಮೂರನೆಯ ದಿನವೂ ಸೈಕಲ್ಲೇ ಬಂದಾಗ ನನಗೆ ಸಿಟ್ಟು ಬಂತು. ಮಾವ ಬಿದ್ದಾನ, ಮಾವ ಎದ್ದಾನ ಎಂದು ಮಂದಿ ಅಂದದ್ದು ಅವರ ಮನಸ್ಸಿಗೆ ನಟ್ಟಿರಬೇಕು, ಅದನ್ನು ನನ್ನ ಮುಂದೆ ಹೇಳಲು ಆಗುತ್ತಿಲ್ಲ ಎಂದುಕೊಂಡೆ. ಸಂಜೆ ಮನೆಗೆ ಹೋದವಳೇ ಚೀಲ ಕೆಳಗಿಡುವ ಮೊದಲೇ ಕೇಳಿದೆ.

"ಕಚೇರಿಗಿ ಯಾಕ ಬರಾಕವಲ್ರಿ ಮಾವಾರ? ಯಾರರ ಏನರ ಅಂದ್ರೇನ್ರಿ?"

"ಯಾರೂ ಏನೂ ಅಂದಿಲ್ಲ ಯವ್ವಾ."

"ಮತ್ಯಾಕ್ರಿ?"

ಅವರು ಕಂಬಳಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ನಗೆಚಾಟಿಕೆ ಮಾಡುವವರ ಹಾಗೆ, "ಅಲ್ಲಿ ಬಂದ್ರ ಏನೈತಿ ಈಗ? ಮಾವ ಅನ್ನಾಕ ಮನ್ಯಾಗ ನೀ ಇದ್ದೀದಿ" ಎಂದರು.

ನನಗೆ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಅವರನ್ನು ಹೆಸರು ಹಿಡಿದು, ಲೇ ಎಂದು ಕರೆಯುವವರು ಕಟ್ಟೆಯ ಮೇಲಿನ ಆ ಓರಗೆಯವರೇ. ನೀರು ಬಂದ ಮೇಲೆ ಒಬ್ಬ ಸಾವಳಗಿಯಲ್ಲಿ ಮಗಳ ಮನೆ ಸೇರಿದ. ಒಬ್ಬನಿಗೆ ಬೀಳಗಿಯ ಆಚೆ ಯಾವುದೋ ಬೇರೆ ಪುನರ್ವಸತಿ ಕೇಂದ್ರದಲ್ಲಿ ಪ್ಲಾಟು ಬಂತು. ಇನ್ನೊಬ್ಬ ಊರು ಬಿಡುವ ಮೊದಲೇ ತೀರಿಹೋದ. ಉಳಿದವರಿಗೆಲ್ಲ ಇವರು ಅಪ್ಪ, ಮುತ್ತ್ಯಾ, ಕಾಕಾ, ಮಾವ. ಹೆಂಡತಿ ಕರೆಯುವಂತಿಲ್ಲ, ಸೊಸೆ ಕರೆಯುವಂತಿಲ್ಲ.

"ನಿಮ್ಮ ಕಚೇರ್ಯಾಗ ಬಂದ ಕುಂತ್ರ ದಿನಾ ಒಂದ ಹತ್ತ ಸಲ ಕಿವಿಗಿ ಬೀಳ್ತಿತ್ತು ನೋಡವಾ" ಎಂದರು. "ಅದು ಯಂತ್ರಕ್ಕ ಅಂತ ನನಗೂ ಗೊತ್ತೈತಿ. ಖರೆ, ಆ ಮುದುಕ ಒದರೂದು ನಮ್ಮ ಗೆಳ್ಯಾ ಹೊಳಿ ದಂಡಿ ಮ್ಯಾಲಿಂದ ಒದರಿದಂಗ ಇರ್ತಿತ್ತು. ಹೆಸರ ಯಾರೂ ಕರೀಲಿಲ್ಲಂದ್ರ ಮನಶ್ಯಾ ಇದ್ದೂ ಇಲ್ಲದಂಗ ಆಕ್ಕಾನ."

ಅಳುವುದು ನನ್ನ ಸ್ವಭಾವವಲ್ಲ. ಅಡುಗೆ ಮನೆಗೆ ಹೋಗಿ ರೊಟ್ಟಿಯ ಹಿಟ್ಟನ್ನು ಅದು ಏನೋ ತಪ್ಪು ಮಾಡಿದ ಹಾಗೆ ನಾದತೊಡಗಿದೆ. ಅತ್ತೆ ಒಲೆಯ ಮುಂದೆ ಇದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ನೀವ ಒಮ್ಮಿನೂ ಕರದಿಲ್ಲೇನ್ರಿ ಅತ್ತೀ?"

"ಒಮ್ಮಿ ಹೇಳೀನಿ. ಮದವ್ಯಾಗ ಒಡಪಿನ ಪದದಾಗ ಕೂಡಿಸಿ." ಅತ್ತೆ ಉರಿಯನ್ನು ಒಳಗೆ ದೂಡಿದರು. "ಎಲ್ಲಾರ ಮುಂದ ಹೇಳಬೇಕಲ್ಲ, ಹೇಳಿದೆ. ಅವತ್ತ ಅವರ ಮಾರಿ ನೋಡಬೇಕಿತ್ತ ನೀ."

"ಮತ್ತ ಆಮ್ಯಾಲ?"

"ಆಯುಷ್ಯಾ ಕಮ್ಮಿ ಆದ್ರ ಏನ ಮಾಡ್ಲಿ? ಇಷ್ಟ ವರ್ಸ ಕಾಯ್ದ ಇಟ್ಟೇನಿ." ಹಾಗೆಂದವರು ಒಲೆಯ ಮೇಲಿನ ಹಂಚನ್ನು ಸರಿಸಿ, ನನ್ನ ಕಡೆ ನೋಡದೆ, "ನನ್ನ ಕೈಲೆ ಆಗೂದಿಲ್ಲ. ನೀ ಸಾಲಿ ಕಲತಾಕಿ. ನೋಡು" ಎಂದರು.

ಸಾಲೆ ಕಲಿತವಳಿಗೂ ಅಂಜಿಕೆ ಇತ್ತು, ಸುಳ್ಳೇಕೆ ಹೇಳಲಿ. ಎದೆಯ ಮೇಲೆ ಕೈಯಿಟ್ಟು ಕೇಳಿಕೊಂಡರೆ, ಆಯುಷ್ಯದ ಮಾತು ಸುಳ್ಳೆಂದು ಪೂರ್ತಿ ನಂಬಲು ನನ್ನಿಂದ ಆಗಲಿಲ್ಲ. ಹೇಳಿಬಿಟ್ಟ ಮೇಲೆ ಅವರಿಗೆ ಏನಾದರೂ ಆದರೆ? ಒಂದು ನೆಗಡಿ ಬಂದರೂ ಅದು ನನ್ನ ಬಾಯಿಂದಲೇ ಬಂತೆಂದು ನಾನೇ ಅಂದುಕೊಳ್ಳುತ್ತಿದ್ದೆ. ಆದರೆ ಗೋಡೆಗೆ ಒರಗಿ ಕೂತ ಆ ಮನುಷ್ಯನನ್ನು ನೋಡಿದರೆ, ಇರುವ ಆಯುಷ್ಯವೂ ಕರೆಯುವವರಿಲ್ಲದೆ ಸುಮ್ಮನೆ ಸೋರಿ ಹೋಗುತ್ತಿದೆ ಎನ್ನಿಸುತ್ತಿತ್ತು.

ಬೆಳಿಗ್ಗೆ ಹೊರಡುವಾಗ ಮಾವನವರಿಗೆ ಹೇಳಿದೆ. "ಇವತ್ತ ಬುತ್ತಿ ನೀವ ತರಬೇಕ್ರಿ. ಸೈಕಲ್ ಮ್ಯಾಲ ಕಳಿಸಿದ್ರ ಹಂಗ ತಿರುಗಿ ಕಳಸ್ತೇನಿ. ಉಪಾಸ ಇರ್ತೇನಿ." ನನ್ನ ಹಟ ಅವರಿಗೆ ಗೊತ್ತಿತ್ತು.

ಕಚೇರಿಗೆ ಹೋಗಿ ಫೈಲು ತೆರೆದೆ. 'ಮಾವ' ಎಂಬ ಆ ಒಂದು ಸಾಲನ್ನು ಅಳಿಸಿದೆ. ಪ್ರೋಗ್ರಾಂ ಮತ್ತೆ ಓದಿಕೊಳ್ಳುವಂತೆ ಮಾಡಿದೆ. ಕೆಲವು ಪಿಸಿಗಳಿಗೆ ಆ ಅಡ್ಡಹೆಸರು ಇನ್ನೂ ಸ್ವಲ್ಪ ಹೊತ್ತು ನೆನಪಿತ್ತು. ಆಮೇಲೆ ಅವೂ ಮರೆತವು. ಗೋದಾಮಿನಿಂದ ಒಬ್ಬ ಓಡಿ ಬಂದ, ಬಣ್ಣದ ಮನೆಯಿಂದ ಇನ್ನೊಬ್ಬ. ಮಾವ ಸಿಗವಲ್ದು ಎಂದರು. ಹಳೇ ಹೆಸರ ಹೊಡೀರಿ, ಅಡ್ಡಹೆಸರ ತಗದೇನಿ ಎಂದೆ. ಯಾಕೆಂದು ಕಾರ್ಯದರ್ಶಿಗಳು ಕೇಳಿದರು. "ದೇವರ ಹೆಸರ ಇರಾಕ ಮಾವ ಯಾಕ್ರಿ ಬೇಕು?" ಎಂದು ತಿರುಗಿ ಕೇಳಿದೆ. ಅವರಿಗೆ ಅದು ಒಪ್ಪಿತವಾಯಿತು. ಆದರೆ ಎಲ್ಲರೂ ಗೊಣಗುತ್ತ ಹೆಸರನ್ನು ಹೊಡೆದರೇ ಹೊರತು, ಬಾಯಲ್ಲಿ ಯಾರೂ ಹೇಳಲಿಲ್ಲ. ಮಾವ ಬಂದು ಬೆಂಚಿನ ಮೇಲೆ ಕೂತಿದ್ದರು. ಬುತ್ತಿ ಪಕ್ಕದಲ್ಲಿತ್ತು. ಅವರ ಕಣ್ಣು ಅಂಗಳದ ಕಡೆ ಇತ್ತು.

ಆಗ ಬೀಳಗಿಯಿಂದ ಫೋನ್ ಬಂತು. ಅಲ್ಲಿ ಹೊಸದಾಗಿ ಸೇರಿದ ಗುಮಾಸ್ತ.

"ಅಕ್ಕಾರ, ಮಾವ ಸಿಗವಲ್ದರಿ. ಗಿರಾಕಿ ನಿಂತಾರ."

"ಹಳೇ ಹೆಸರ ಹೊಡೀರಿ."

"ಯಾ ಹಳೇ ಹೆಸರ್ರಿ? ನಾ ಬಂದಾಗಿಂದ ಮಾವ ಅಂತನ ಹೊಡ್ಯಾಕತ್ತೇನಿ. ನನಗ ಬ್ಯಾರೆ ಗೊತ್ತಿಲ್ಲರಿ."

ನಂಬರು ನನಗೆ ಬಾಯಿಪಾಠವಿತ್ತು. ಬೇಕಾದರೆ 'ಬರಕೊಳ್ರಿ' ಎಂದು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳಬಹುದಿತ್ತು, ಅದು ಹೆಸರು ಹೇಳಿದಂತೆ ಆಗುತ್ತಿರಲಿಲ್ಲ. ಎರಡನ್ನೂ ಬಿಟ್ಟೆ. ರಿಸೀವರನ್ನು ಕಿವಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದೆ. ಇನ್ನೊಂದು ಕೈಯಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ಮದುವೆಯಾದಾಗಿನಿಂದ ಒಳಗೇ ಇದ್ದ ಹೆಸರನ್ನು ಹೇಳಿದೆ. ಮೊದಲನೆಯ ಸಲ ನನ್ನ ದನಿ ನನಗೇ ಕೇಳಿಸಲಿಲ್ಲ.

"ಏನಂದ್ರಿ? ಜೋರ ಹೇಳ್ರಿ ಅಕ್ಕಾರ. ಕೇಳವಲ್ದು."

ಜೋರಾಗಿ ಹೇಳಿದೆ. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ, ಪೂರ್ತಿ, ಹೊಳೆಯ ಆಚೆ ದಂಡೆಗೆ ಕೇಳುವ ಹಾಗೆ ಹೇಳಿದೆ. ಕಚೇರಿಯಲ್ಲಿ ಕೀಲಿಮಣೆಗಳ ಸದ್ದು ನಿಂತಿತು.

"ಓ" ಎಂದರು ಹಿಂದಿನಿಂದ ಮಾವ.

ಬೀಳಗಿಯವನು, "ಸಿಕ್ಕಿತ್ರಿ ಅಕ್ಕಾರ, ಸಿಕ್ಕಿತು" ಎಂದು ಫೋನ್ ಇಟ್ಟ. ನಾನು ತಿರುಗಿದೆ. ಅವರು ಬೆಂಚಿನಿಂದ ಎದ್ದು ನಿಂತಿದ್ದರು. ಕಂಬಳಿ ಹೆಗಲಿನಿಂದ ಜಾರಿ ನೆಲಕ್ಕೆ ಬಿದ್ದಿತ್ತು, ಅವರಿಗೆ ಅದರ ಅರಿವಿರಲಿಲ್ಲ.

"ಕರದೇನ ಯವ್ವಾ?" ಎಂದರು.

ಯಂತ್ರಕ್ಕೆ ಅಂದದ್ದು ಎನ್ನಬಹುದಿತ್ತು.

"ಹೂನ್ರಿ, ಕರದೆ" ಎಂದೆ. "ಗಂಟ ಬಿಚ್ಚರಿ. ಇವತ್ತ ಇಬ್ರೂ ಕೂಡೇ ಉಣ್ಣೂಣು."